ಸಾಹೇಬರ ಕೋಲಿನ ಕತ್ತು

ಯಲ್ಲಾಪುರದ ನಮ್ಮ ಮನೆಯ ಒಳಗೆ ಹೋಗಬೇಕೆಂದರೆ ಮೊದಲು ಕುಲುಮೆಯನ್ನು ದಾಟಬೇಕಿತ್ತು. ನೆಂಟರು ಬರಲಿ, ಮೊಸರು ಮಾರುವವಳು ಬರಲಿ, ಎಲ್ಲರೂ ಇದ್ದಿಲ ರಾಶಿಯ ಪಕ್ಕದಲ್ಲಿ ಸೀರೆಯನ್ನೋ ಪಂಚೆಯನ್ನೋ ಎತ್ತಿ ಹಿಡಿದು, ಕಾಲಿಡುವ ಜಾಗ ನೋಡಿಕೊಂಡು ಬರುತ್ತಿದ್ದರು. ಘಟ್ಟ ಹತ್ತಿ ಬಂದ ಗಾಡಿಗಳು ನಿಲ್ಲುವ ರಸ್ತೆಗೆ ಮುಖ ಮಾಡಿ ಒಂದು ಹೆಂಚಿನ ಮಾಡು, ಅದರಡಿ ಅಪ್ಪನ ಕುಲುಮೆ. ಅದರ ಹಿಂದೆ ಮೊಣಕಾಲೆತ್ತರದ ಹೊಸ್ತಿಲು. ಹೊಸ್ತಿಲಾಚೆ ನಡುಮನೆ, ಅಡುಗೆ ಕೋಣೆ, ಹಿತ್ತಲು, ಬಾವಿ. ಬೆಂಕಿ ಉರಿಯುವಷ್ಟು ಹೊತ್ತೂ ಕರಿ ಧೂಳು ಒಳಗೆ ಬರುತ್ತಿತ್ತು. ಅವ್ವ ನೀರಿನ ಕೊಡಕ್ಕೆ ಬಟ್ಟೆ ಕಟ್ಟುತ್ತಿದ್ದಳು, ಗಂಜಿ ಬಸಿಯುವಾಗ ನಡುಬಾಗಿಲು ಎಳೆದುಕೊಳ್ಳುತ್ತಿದ್ದಳು. ಆದರೂ ಬಟ್ಟಲಿನ ಗಂಜಿಯ ಮೇಲೆ ಸಣ್ಣ ಕಪ್ಪು ಚುಕ್ಕೆಗಳು ತೇಲುತ್ತಲೇ ಇರುತ್ತಿದ್ದವು. ಅಪ್ಪನ ತಾಯಿ, ನನ್ನ ಅಜ್ಜಿ, ಅದನ್ನು ನಮ್ಮ ಮನೆಯ ಜೀರಿಗೆ ಎನ್ನುತ್ತಿದ್ದಳು. ಬೇರೆಯವರ ಮನೆಯಲ್ಲಿ ಬೆಳ್ಳಗಿನ ಗಂಜಿ ಉಂಡಾಗ ನನಗೆ ಅದು ಏನೋ ಸಪ್ಪೆ ಎನಿಸುತ್ತಿತ್ತು.

ಆ ಹೊಸ್ತಿಲಿಗೆ ಅಜ್ಜಿಯ ಕಾಯಿದೆ ಇತ್ತು. ಮನೆಯ ಹೆಂಗಸರು ಹೊಸ್ತಿಲು ದಾಟಿ ಹೋಗಿ ತಿದಿಯ ಹಗ್ಗ ಎಳೆಯಬಹುದು, ಬೆಂಕಿಗೆ ಗಾಳಿ ಕೊಡಬಹುದು, ಇದ್ದಿಲು ಹಾಕಬಹುದು. ಅಡಿಗಲ್ಲನ್ನು ಮಾತ್ರ ಮುಟ್ಟುವಂತಿಲ್ಲ, ಸುತ್ತಿಗೆ ಹಿಡಿಯುವಂತಿಲ್ಲ. ಕಾದ ಕಬ್ಬಿಣವನ್ನಿಟ್ಟು ಬಡಿಯುವ ಆ ಅಡಿಗಲ್ಲು ಅವಳಿಗೆ ದೇವರ ಪೀಠವಿದ್ದ ಹಾಗೆ. ಅಮಾವಾಸ್ಯೆಯ ದಿನ ಬೆಂಕಿ ಹಾಕುತ್ತಿರಲಿಲ್ಲ. ಅಪ್ಪ ಅದನ್ನು ಹುಣಸೆಹಣ್ಣು ಹಚ್ಚಿ ತೊಳೆದು, ಅರಿಸಿನ ಕುಂಕುಮ ಇಟ್ಟು, ತೆಂಗಿನಕಾಯಿ ಒಡೆಯುತ್ತಿದ್ದ. ನಾವೆಲ್ಲ ಹೊಸ್ತಿಲಿನ ಈಚೆ ನಿಂತು ಕೈಮುಗಿಯುತ್ತಿದ್ದೆವು. ಅಜ್ಜಿ ಮದುವೆಯಾಗಿ ಬಂದಾಗಿನಿಂದ ತಿದಿ ಎಳೆದವಳು. ಅವಳ ಬಲಗೈಯ ತೋಳು ಎಡದ್ದಕ್ಕಿಂತ ದಪ್ಪ ಇತ್ತು. ಅವಳ ಮೊಣಕಾಲು ಹಿಡಿದುಕೊಂಡ ಮೇಲೆ ಹಗ್ಗ ಅವ್ವನ ಕೈಗೆ ಬಂತು.

ನನ್ನ ಅಣ್ಣ ಮಂಜ ಅಪ್ಪನ ಜೊತೆ ಸಮ್ಮಟಿಗೆ ಹೊಡೆಯುತ್ತಿದ್ದ. ಅಪ್ಪ ಎಡಗೈಯಲ್ಲಿ ಇಕ್ಕಳ ಹಿಡಿದು ಕಬ್ಬಿಣವನ್ನು ತಿರುಗಿಸುತ್ತ ಚಿಕ್ಕ ಸುತ್ತಿಗೆಯಿಂದ ಎಲ್ಲಿ ಹೊಡೆಯಬೇಕೆಂದು ತಟ್ಟಿ ತೋರಿಸಬೇಕು, ಎದುರಿಗೆ ನಿಂತವನು ದೊಡ್ಡ ಸಮ್ಮಟಿಗೆಯನ್ನು ಅಲ್ಲೇ ಬೀಳಿಸಬೇಕು. ಮಂಜನ ಕೈಗೆ ಆ ಕೆಲಸ ಕೂತಿತ್ತು. ಗಾಡಿ ಚಕ್ರದ ಪಟ್ಟಿ, ಅಡವಿಯಲ್ಲಿ ದಿಮ್ಮಿ ಎಳೆಯುವ ಕೊಕ್ಕೆ, ಸರಪಳಿಯ ಕೊಂಡಿ, ಇಂಥ ಭಾರದ ಕೆಲಸವೆಲ್ಲ ನಮ್ಮಲ್ಲಿಗೆ ಬರುತ್ತಿದ್ದದ್ದು ಅವನ ರಟ್ಟೆ ನೋಡಿ. ಅವನು ಕೈ ತೊಳೆಯದೆ ಉಣ್ಣಲು ಬರುವುದು, ಅವ್ವ ಬಟ್ಟಲು ಎಳೆದಿಟ್ಟುಕೊಳ್ಳುವುದು, ಅವನು ಹೊಸ್ತಿಲ ಮೇಲೆ ಕೂತು ಸಿಟ್ಟಿನಿಂದ ಗಂಜಿಗಾಗಿ ಕಾಯುವುದು, ಇದು ದಿನದ ಜಗಳ. ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ಅವನಿಗೆ ಜ್ವರ ಬಂತು. ಆ ಕಾಲದಲ್ಲಿ ಯಲ್ಲಾಪುರದಲ್ಲಿ ಚಳಿಜ್ವರ ಬಾರದ ಮನೆ ಇರಲಿಲ್ಲ. ಬಂದು ಹೋಗುತ್ತದೆ ಎಂದೇ ನಾವು ತಿಳಿದಿದ್ದೆವು. ಸರಕಾರಿ ದವಾಖಾನೆಯ ಕಹಿ ಪುಡಿ ತಂದು ಕೊಟ್ಟೆವು. ಜ್ವರ ಬಿಟ್ಟಿತು, ಮತ್ತೆ ಬಂತು, ಹೊಟ್ಟೆಯ ಎಡಭಾಗ ಗಟ್ಟಿಯಾಯಿತು. ಒಂದು ಬೆಳಿಗ್ಗೆ ಅವ್ವ ಗಂಜಿಯ ತಿಳಿ ಕುಡಿಸಲು ಹೋದಾಗ ಅವನ ಬಾಯಿ ತೆರೆಯಲಿಲ್ಲ.

ನಾನು ಅಳಲಿಲ್ಲ. ಅಳಬೇಕೆಂದು ನನಗೆ ಗೊತ್ತಿತ್ತು, ಎಲ್ಲರೂ ನನ್ನ ಮುಖ ನೋಡುತ್ತಿದ್ದರು, ಆದರೆ ಒಳಗೆ ಏನೂ ಇರಲಿಲ್ಲ. ಕೂತು ಕೂತು ಜೋಮು ಹಿಡಿದ ಕಾಲನ್ನು ಚಿವುಟಿದರೆ ಅದು ಬೇರೆ ಯಾರದೋ ಕಾಲು ಅನಿಸುವುದಿಲ್ಲವೇ, ಹಾಗಿತ್ತು. ಅಜ್ಜಿ ಮೊದಲ ದಿನ ಗೋಡೆಗೆ ತಲೆ ಚಚ್ಚಿಕೊಂಡು ಅತ್ತಳು. ಮಿಕ್ಕವರು ಯಾರೂ ಜೊತೆಗೂಡದ್ದನ್ನು ನೋಡಿ, ತಾನೇನೋ ತಪ್ಪು ಮಾಡಿದವಳ ಹಾಗೆ ನಿಲ್ಲಿಸಿಬಿಟ್ಟಳು. ಆಮೇಲೆ ಮನೆ ಸರಿಯಾಗಿಯೇ ನಡೆಯಿತು. ನನಗೆ ಈಗಲೂ ವಿಚಿತ್ರ ಅನಿಸುವುದು ಅದೇ. ಅವ್ವ ಯಾವತ್ತೂ ಉಪ್ಪು ಮರೆಯಲಿಲ್ಲ, ಹಾಲು ಉಕ್ಕಲಿಲ್ಲ, ಹಿತ್ತಲ ಬಸಳೆಗೆ ನೀರು ತಪ್ಪಲಿಲ್ಲ. ಅಪ್ಪ ಬೆಳಿಗ್ಗೆ ಎದ್ದು ಅಡಿಗಲ್ಲಿಗೆ ನೀರು ಚಿಮುಕಿಸಿ ಕೈಮುಗಿಯುತ್ತಿದ್ದ, ಬೆಂಕಿ ಮಾತ್ರ ಹಾಕುತ್ತಿರಲಿಲ್ಲ. ಕತ್ತಿ ಕುಡುಗೋಲುಗಳನ್ನು ಅರದಿಂದ ಉಜ್ಜಿ ಹರಿತ ಮಾಡಿಕೊಡುತ್ತಿದ್ದ. ಚಕ್ರದ ಪಟ್ಟಿ ಬಿಗಿಸಲು ಬಂದ ಗಾಡಿಯವರಿಗೆ ಬೇರೆ ಕಡೆ ಕೈ ತೋರಿಸುತ್ತಿದ್ದ. ಮಂಜನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಎತ್ತಬಾರದೆಂದು ಯಾರೂ ಹೇಳಿರಲಿಲ್ಲ.

ಹೀಗಿರುವಾಗ ಸಿದ್ದಾಪುರದಿಂದ ಚಿಕ್ಕಪ್ಪ ಬಂದ. ಅಪ್ಪನ ಒಬ್ಬನೇ ತಮ್ಮ, ಅಲ್ಲಿ ಬಡಗಿ ಕೆಲಸ ಮಾಡುತ್ತ ಚೆನ್ನಾಗಿ ಇದ್ದ. ಒಳ್ಳೆಯ ಮನುಷ್ಯ. ಒಂಟಿ ಕೈಯಲ್ಲಿ ಕುಲುಮೆ ನಡೆಯುವುದಿಲ್ಲ, ಮುಚ್ಚಿಬಿಟ್ಟು ಎಲ್ಲರೂ ನಮ್ಮಲ್ಲಿಗೆ ಬನ್ನಿ, ಮರದ ಕೆಲಸಕ್ಕೂ ಕಬ್ಬಿಣ ಬೇಕು, ಅಣ್ಣನಿಗೆ ಅಲ್ಲೇ ಏನಾದರೂ ಇರುತ್ತದೆ ಎಂದು ಮೆಲ್ಲನೆ ಹೇಳಿದ. ಅಜ್ಜಿ ಒಪ್ಪಿದಳು. ಈ ಊರಿನ ನೀರೇ ಸರಿಯಿಲ್ಲ ಎಂದಳು. ಅಪ್ಪ ತಲೆ ಅಲ್ಲಾಡಿಸಿದ, ಅದು ಹೌದೋ ಅಲ್ಲವೋ ತಿಳಿಯಲಿಲ್ಲ. ಅವ್ವ ಚಿಕ್ಕಪ್ಪನಿಗೆ ಎರಡನೇ ಸಲ ಹುಳಿ ಬಡಿಸಿದಳು. ಯುಗಾದಿ ಕಳೆದ ಮೇಲೆ ಹೋಗುವುದೆಂದು ಆಯಿತು.

ಶಿವರಾತ್ರಿ ಮುಗಿದು ಬಿಸಿಲು ಬಲಿಯುತ್ತಿದ್ದ ಹೊತ್ತಿನಲ್ಲಿ ಮೌಲಾಕಾಕ ಆ ಕೋಲನ್ನು ತಂದ. ಮೌಲಾಕಾಕ ನಮ್ಮ ಓಣಿಯವನೇ, ಅಡವಿ ಇಲಾಖೆಯ ಬಿಳಿ ಸಾಹೇಬರ ಮೋಟಾರು ನಡೆಸುತ್ತಿದ್ದ. ಅವನ ಅಪ್ಪ ಹುಬ್ಬಳ್ಳಿ ಕಡೆಯಿಂದ ಗಾಡಿ ಹೊಡೆದುಕೊಂಡು ಬಂದು ಇಲ್ಲೇ ನಿಂತವನು, ಹಾಗಾಗಿ ಅವನ ಮಾತು ಬಯಲುಸೀಮೆಯದು. ಅವನು ತಂದ ಕೋಲು ನನ್ನ ಎದೆಯ ಎತ್ತರಕ್ಕೆ ಬರುತ್ತಿತ್ತು. ಉದ್ದಕ್ಕೆ ನುಣ್ಣನೆಯ ಮರ, ತುದಿಯಲ್ಲಿ ಹೊಳೆಯುವ ಕಬ್ಬಿಣದ ತಲೆ, ದೋಸೆ ಮಗುಚುವ ಸಟ್ಟುಗವನ್ನು ದಪ್ಪ ಮಾಡಿ ಓರೆಯಾಗಿ ಕೂರಿಸಿದ ಹಾಗೆ. ತಲೆಯೂ ಮರವೂ ಸೇರುವಲ್ಲಿ ಬೆರಳು ದಪ್ಪದ ಕತ್ತು. ಊರ ಹೊರಗೆ ಹುಲ್ಲಿನ ಬೇಣದಲ್ಲಿ ಸಾಹೇಬರು ಅಲ್ಲಲ್ಲಿ ಕುಳಿ ತೋಡಿಸಿ, ಬಿಳಿಯ ಚಿಕ್ಕ ಚೆಂಡನ್ನು ಕೋಲಿನಿಂದ ಹೊಡೆದು ಕುಳಿಗೆ ಬೀಳಿಸುವ ಆಟ ಆಡುತ್ತಾರೆಂದು ನಾವು ಕೇಳಿದ್ದೆವು. ಅದಕ್ಕೆ ಗಾಲ್ಫು ಎನ್ನುವರೆಂದೂ, ಒಂದೊಂದು ಹೊಡೆತಕ್ಕೆ ಒಂದೊಂದು ಕೋಲು ಇರುತ್ತದೆಂದೂ, ಇದರ ಹೆಸರು ವೆಜ್ಜು ಎಂದೂ ಮೌಲಾಕಾಕ ಹೇಳಿದ. ಚೆಂಡನ್ನು ದೂರಕ್ಕೆ ಹೊಡೆಯಲಿಕ್ಕಲ್ಲ, ಮೇಲಕ್ಕೆ ಎತ್ತಿ ಹತ್ತಿರದಲ್ಲೇ ಬೀಳಿಸಲಿಕ್ಕೆ. ಬೇಣದ ಒಂದು ಕುಳಿಯ ಮುಂದೆ ದನದ ದೊಡ್ಡಿಯ ಕಲ್ಲಿನ ಗೋಡೆ ಅಡ್ಡ ಇತ್ತು. ಸಾಹೇಬರು ಹುಲ್ಲಿನೊಳಗಿದ್ದ ಚಿರೆಕಲ್ಲಿಗೆ ಕೋಲನ್ನು ಬಡಿದುಬಿಟ್ಟಿದ್ದರಿಂದ ಅದರ ಕತ್ತು ಹಿಂದಕ್ಕೆ ಸರಿದು, ಚೆಂಡಿಗೆ ತಾಗುವ, ಮಲಗಿದಂತಿದ್ದ ಮುಖ ನೆಟ್ಟಗಾಗಿತ್ತು. ಈಗ ಚೆಂಡು ಮೇಲೇಳದೆ ನೇರ ಹೋಗಿ ಗೋಡೆಗೆ ಬಡಿಯುತ್ತಿತ್ತು. ಮುಂಬಯಿಗೆ ಕಳಿಸಿದರೆ ಮಳೆಗಾಲ ಕಳೆದು ಬರುತ್ತದೆ, ಕಾರವಾರ ಬೆಳಗಾವಿಯ ಸಾಹೇಬರುಗಳು ಬರುವ ವಾರ ಆಟಕ್ಕೆ ಬರುವವರಿದ್ದರು.

ಅಪ್ಪ ಕೋಲನ್ನು ಕೈಗೆ ತೆಗೆದುಕೊಳ್ಳದೆ, ನಾನು ಈಗ ಬೆಂಕಿ ಹಾಕುವುದಿಲ್ಲ ಎಂದ. ಮೌಲಾಕಾಕ ಹೋಗಲಿಲ್ಲ. ಅವನು ಮಂಜನನ್ನು ಹೊತ್ತವರಲ್ಲಿ ಒಬ್ಬ. ಕುಲುಮೆಯ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿದ. ಸ್ವಲ್ಪ ಹೊತ್ತಾದ ಮೇಲೆ ಅಪ್ಪನೇ ಕೋಲನ್ನು ಎತ್ತಿಕೊಂಡು ಕತ್ತನ್ನು ಹೆಬ್ಬೆರಳಿನಿಂದ ಸವರಿದ. ಇದಕ್ಕೆ ಬೆಂಕಿ ತಾಗಿಸುವಂತೆಯೇ ಇಲ್ಲ ಎಂದು ತನಗೇ ಎಂಬಂತೆ ಹೇಳಿದ. ಕಾಯಿಸಿದರೆ ಕತ್ತಿನೊಳಗಿನ ಮರ ಸುಡುತ್ತದೆ, ಮೇಲಿನ ಹೊಳಪು ನೀಲಿಯಾಗಿ ಹೋಗುತ್ತದೆ. ತಣ್ಣಗಿರುವಾಗಲೇ ಬಗ್ಗಿಸಬೇಕು. ತಲೆ ಅಲುಗದಂತೆ ಮರದ ದಿಮ್ಮಿಯಲ್ಲಿ ಗಚ್ಚಾಗಿ ಕೂರಿಸಿ, ಕತ್ತನ್ನು ಮಾತ್ರ ಮುಂದಕ್ಕೆ ಒತ್ತಿದರೆ ಮುಖ ತಾನಾಗಿ ಹಿಂದಕ್ಕೆ ಮಲಗುತ್ತದೆ. ಸುತ್ತಿಗೆಯಿಂದ ಹೊಡೆದರೆ ಸೀಳೀತು. ಮೆಲ್ಲನೆ ಒತ್ತಬೇಕು, ಕತ್ತನ್ನು ಕಚ್ಚಿ ಹಿಡಿಯುವ ಒಂದು ಕವೆ ಬೇಕು. ಅಂಥ ಕವೆ ನಮ್ಮಲ್ಲಿ ಇರಲಿಲ್ಲ. ಅದನ್ನು ಮಾಡಬೇಕೆಂದರೆ ದಪ್ಪ ಸರಳನ್ನು ಕಾಯಿಸಿ ಬಡಿಯಬೇಕು, ಬಡಿಯಬೇಕೆಂದರೆ ಎದುರಿಗೆ ಒಬ್ಬರು ಬೇಕು. ಅಲ್ಲಿಗೆ ಬಂದು ಅಪ್ಪನ ಮಾತು ನಿಂತಿತು.

ಮಾರನೆಯ ದಿನ ಸಾಹೇಬರೇ ಬಂದರು. ಕೆಂಪು ಮುಖದ, ಉದ್ದ ಕಾಲಿನ, ಹೆಚ್ಚು ಮಾತಿಲ್ಲದ ಮನುಷ್ಯ. ಮಾಡಿನಡಿ ತಲೆ ಬಗ್ಗಿಸಿ ಬಂದು, ಕೋಲನ್ನು ನೆಟ್ಟಗೆ ಗೋಡೆಗೆ ತಾಗಿಸಿ ಹಿಡಿದರು. ಅಪ್ಪ ಇದ್ದಿಲಿನಿಂದ ಗೋಡೆಯ ಮೇಲೆ ಅದರ ಮುಖ ಈಗ ಎಷ್ಟು ಓರೆ ಇದೆಯೋ ಅಷ್ಟಕ್ಕೆ ಗೆರೆ ಎಳೆದ. ಸಾಹೇಬರು ಇದ್ದಿಲನ್ನು ಇಸಿದುಕೊಂಡು, ಅದರ ಬುಡದಿಂದಲೇ ಇನ್ನೂ ಸ್ವಲ್ಪ ಮಲಗಿದ ಇನ್ನೊಂದು ಗೆರೆ ಎಳೆದರು. ಆಮೇಲೆ ತಮ್ಮ ಕರಿಯಾದ ಬೆರಳು ನೋಡಿಕೊಂಡರು. ನಾನು ನೀರು ತಂದುಕೊಟ್ಟೆ. ಅಪ್ಪ ಆಗುತ್ತದೆ ಎನ್ನಲಿಲ್ಲ, ಆಗುವುದಿಲ್ಲ ಎಂದೂ ಹೇಳಲಿಲ್ಲ. ಸಾಹೇಬರು ಆಯಿತೆಂದೇ ತಿಳಿದು ಹೋದರು.

ಅವತ್ತು ಊಟವಾದ ಮೇಲೆ ಅಪ್ಪ ಬೆಂಕಿ ಹಾಕಿದ. ಅಷ್ಟು ದಿನದ ಮೇಲೆ ಹೊಗೆ ನಡುಮನೆಗೆ ಬಂದಾಗ ಅಜ್ಜಿ ಎದ್ದು ಕೂತಳು. ಅವ್ವ ಹೋಗಿ ತಿದಿ ಎಳೆದಳು. ಸರಳು ಕೆಂಪಾಯಿತು, ಕೆಂಪು ದಾಟಿ ಹಳದಿಗೆ ತಿರುಗಿತು. ಅಪ್ಪ ಅದನ್ನು ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿಗೆ ತಂದು, ಒಂದೇ ಕೈಯಲ್ಲಿ ಚಿಕ್ಕ ಸುತ್ತಿಗೆಯಿಂದ ಬಡಿದ. ಅಷ್ಟು ದಪ್ಪದ ಸರಳಿಗೆ ಅದು ಏನೇನೂ ಸಾಲದು. ಅದು ಕಪ್ಪಾಯಿತು. ಮತ್ತೆ ಕಾಯಿಸಿದ, ಮತ್ತೆ ಬಡಿದ, ಮತ್ತೆ ಕಪ್ಪಾಯಿತು. ಮೂಲೆಯಲ್ಲಿ ಸಮ್ಮಟಿಗೆ ಗೋಡೆಗೆ ಒರಗಿತ್ತು. ಅಪ್ಪ ಆ ಕಡೆ ನೋಡುತ್ತಿರಲಿಲ್ಲ. ಕೊನೆಗೆ ಸುತ್ತಿಗೆ ಕೆಳಗಿಟ್ಟು, ಇಕ್ಕಳ ಹಿಡಿದುಕೊಂಡೇ ಸುಮ್ಮನೆ ನಿಂತುಬಿಟ್ಟ. ಏನೋ ನೆನಪು ಮಾಡಿಕೊಳ್ಳುತ್ತಿರುವವನ ಹಾಗೆ ಬಹಳ ಹೊತ್ತು ನಿಂತ. ಅವ್ವ ತಿದಿಯ ಹಗ್ಗ ಬಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೂಲೆಗೆ ಹೋಗಿ ಸಮ್ಮಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿದಳು. ನಡುಮನೆಯಿಂದ ಅಜ್ಜಿ ಅದನ್ನು ನೋಡಿದಳು.

“ಬ್ಯಾಡ,” ಎಂದಳು ಅಜ್ಜಿ. “ಅದನ್ನ ಕೆಳಗಿಡು.”

ಅವ್ವ ಅಜ್ಜಿಯ ಕಡೆ ತಿರುಗಲಿಲ್ಲ. ಅಪ್ಪನ ಎದುರಿಗೆ ಬಂದು ನಿಂತಳು.

“ಮಂಜ ಇದ್ರೆ ಅವ ಹಿಡೀತಿದ್ದ, ಅತ್ತೆ. ಈಗ ಇಲ್ಲೆ. ನಾ ಹಿಡೀತೆ.”

ಹೆಸರು ಹೀಗೆ ಬಂತು. ದನಿಯಲ್ಲಿ ಏರಿಳಿತ ಇರಲಿಲ್ಲ, ಹಾಲಿನವಳಿಗೆ ನಾಳೆ ಹಾಲು ಬೇಡ ಎಂದು ಹೇಳುವ ದನಿಯೇ. ಅಪ್ಪ ನನ್ನನ್ನು ನೋಡಿದ. ತಿದಿ ಎಳೆಯಲು ಯಾರೂ ಇರಲಿಲ್ಲ. ನಾನು ಹೊಸ್ತಿಲಿಂದ ಇಳಿದು ಹಗ್ಗ ಹಿಡಿದೆ. ಮೊದಲು ಬೂದಿ ಮುಖಕ್ಕೆ ಎರಚಿತು, ಆಮೇಲೆ ಎಳೆಯುವ ಬಿಡುವ ಹದ ಸಿಕ್ಕಿತು. ಅವ್ವನ ಮೊದಲ ಏಟು ಸರಳಿನ ಅಂಚಿಗೆ ಬಿದ್ದು ಜಾರಿತು. ಅಪ್ಪ ಚಿಕ್ಕ ಸುತ್ತಿಗೆಯಿಂದ ಜಾಗ ತಟ್ಟಿ ತೋರಿಸಿದ. ಎರಡನೆಯದು ಸರಿಯಾಗಿ ಬಿತ್ತು. ಅವಳು ತಿದಿಯ ಪಕ್ಕದಿಂದ ಅಷ್ಟು ವರ್ಷ ಆ ಕೆಲಸ ನೋಡಿದವಳು, ಮೈಗೆ ರೂಢಿ ಇರಲಿಲ್ಲ, ಕಣ್ಣಿಗೆ ಇತ್ತು. ಸಂಜೆಯ ಹೊತ್ತಿಗೆ ಸರಳಿನ ತುದಿ ಎರಡಾಗಿ ಸೀಳಿ ಕವೆಯಾಯಿತು. ಅಪ್ಪ ಅದರ ಒಳಮೈಗೆ ಗೀರು ಬೀಳದಂತೆ ತೊಗಲಿನ ಚೂರು ಕಟ್ಟಿದ. ಅವ್ವ ಬಾವಿಕಟ್ಟೆಗೆ ಹೋಗಿ ಅಂಗೈಯ ಗುಳ್ಳೆಗಳಿಗೆ ನೀರು ಹಾಕಿಕೊಂಡು, ಬಂದು ಅನ್ನಕ್ಕೆ ಇಟ್ಟಳು. ಅಜ್ಜಿ ಆ ರಾತ್ರಿ ಉಣ್ಣಲಿಲ್ಲ.

ಬೆಳಿಗ್ಗೆ ಕೋಲನ್ನು ಬಗ್ಗಿಸಿದರು. ಮತ್ತಿ ಮರದ ದಿಮ್ಮಿಯಲ್ಲಿ ಅಪ್ಪ ಉಳಿಯಿಂದ ಕಚ್ಚು ತೆಗೆದು, ಕೋಲಿನ ತಲೆಯನ್ನು ಅದರಲ್ಲಿ ಕೂರಿಸಿ, ಸುತ್ತ ತೊಗಲು ತುರುಕಿ, ಮರದ ಬೆಣೆ ಹೊಡೆದು ಬಿಗಿ ಮಾಡಿದ. ಕವೆಯನ್ನು ಕತ್ತಿಗೆ ಸಿಕ್ಕಿಸಿದ. ಸರಳಿನ ಇನ್ನೊಂದು ತುದಿಯ ಮೇಲೆ ಅವ್ವ ಮೈಭಾರ ಹಾಕಬೇಕು, ಅಪ್ಪ ಮೊಣಕಾಲೂರಿ ಕತ್ತಿನ ಹತ್ತಿರ ಕಣ್ಣಿಟ್ಟು ಸಾಕೆಂದಾಗ ಬಿಡಬೇಕು. ಅವಳು ಒತ್ತಿದಳು. ಏನೂ ಆಗಲಿಲ್ಲ. ಬಿಟ್ಟಾಗ ಕಬ್ಬಿಣ ಮೊದಲಿದ್ದಲ್ಲಿಗೇ ವಾಪಸು ಹೋಯಿತು. ತಣ್ಣಗಿನ ಕಬ್ಬಿಣ ಬಿಟ್ಟರೆ ಹಿಂದಕ್ಕೆ ಬರುತ್ತದೆ, ಬೇಕಾದ್ದಕ್ಕಿಂತ ಸ್ವಲ್ಪ ಆಚೆಗೆ ಹೋಗಬೇಕು ಎಂದು ಅಪ್ಪ ಹೇಳಿದ. ಅವಳು ಇನ್ನಷ್ಟು ಭಾರ ಹಾಕಿದಳು. ಹೊರಗೆ ಗಾಡಿಯ ಎತ್ತುಗಳ ಗಂಟೆ ಕೇಳುತ್ತಿತ್ತು. ಅಪ್ಪ ಸಾಕು ಎಂದ. ಅವಳು ಬಿಟ್ಟಳು. ಬೆಣೆ ತೆಗೆದು ಕೋಲನ್ನು ಗೋಡೆಯ ಗೆರೆಗೆ ಹಿಡಿದು ನೋಡಿದರೆ ಮುಖ ಸಾಹೇಬರ ಗೆರೆಯನ್ನು ದಾಟಿ ಮಲಗಿತ್ತು. ಎಷ್ಟೋ ಸ್ವಲ್ಪ, ಭತ್ತದ ಕಾಳಿನಷ್ಟು. ಇಷ್ಟು ನಡೆಯುತ್ತದೆ ಎಂದು ಅಪ್ಪ ಅಂದುಕೊಂಡ.

ನಡೆಯಲಿಲ್ಲ. ಮೌಲಾಕಾಕ ನಮ್ಮನ್ನು ಸಾಹೇಬರ ಮೋಟಾರಿನಲ್ಲೇ ಬೇಣಕ್ಕೆ ಕರೆದುಕೊಂಡು ಹೋದ. ಅಪ್ಪ ಮುಂದೆ ಕೂತ, ನಾನು ಹಿಂದೆ. ನಾನು ಮೋಟಾರು ಹತ್ತಿದ್ದು ಅದೇ ಮೊದಲು. ಖುಷಿಯಾಗಬೇಕಿತ್ತು. ಕಿಟಕಿಯಲ್ಲಿ ಹೋಗುತ್ತಿದ್ದ ಮರಗಳನ್ನು ನೋಡಿದೆ, ಅವು ಹೋಗುತ್ತಿದ್ದವು ಅಷ್ಟೆ. ಬೇಣದ ಹುಲ್ಲು ಒಣಗಿ ಹಳದಿಯಾಗಿತ್ತು. ಸಾಹೇಬರು ದೊಡ್ಡಿಯ ಗೋಡೆಯ ಈಚೆ ನಿಂತು ಚೆಂಡನ್ನು ಹೊಡೆದರು. ಹುರಿದ ಕಡಲೆ ಸಿಡಿದ ಹಾಗೆ ಸಣ್ಣ ಸಪ್ಪಳ. ಚೆಂಡು ನೆಟ್ಟಗೆ ಮೇಲಕ್ಕೆ ಹೋಗಿ, ಬಹಳ ಎತ್ತರಕ್ಕೆ ಹೋಗಿ, ಸಾಹೇಬರ ಮುಂದೆ ಎರಡು ಮಾರು ದೂರದಲ್ಲಿ ಬಿತ್ತು. ಇನ್ನೊಂದು ಹೊಡೆದರು, ಅದೂ ಹಾಗೆಯೇ. ಗೋಡೆ ದಾಟಲಿಲ್ಲ. ಅವರು ಸಿಟ್ಟಾಗಲಿಲ್ಲ. ಎರಡು ಬೆರಳನ್ನು ಹತ್ತಿರ ಹಿಡಿದು, ಇಷ್ಟು ವಾಪಸು ಎಂದು ತೋರಿಸಿದರು.

ಅಪ್ಪ ಮೌಲಾಕಾಕನಿಗೆ ಬಿಡಿಸಿ ಹೇಳಿದ. ಒಂದು ಸಲ ಬಗ್ಗಿದ ಕಬ್ಬಿಣವನ್ನು ಮತ್ತೆ ಹಿಂದಕ್ಕೆ ಬಗ್ಗಿಸಿದರೆ ಕತ್ತು ಸೀಳಬಹುದು, ಸೀಳಿದರೆ ನನ್ನಿಂದ ಬೆಸೆಯಲು ಆಗುವುದಿಲ್ಲ. ಹೀಗೇ ಇಟ್ಟುಕೊಂಡರೂ ಸರಿ, ಬಗ್ಗಿಸು ಎಂದರೂ ಸರಿ, ಆದರೆ ತಿಳಿದು ಹೇಳಲಿ. ಮೌಲಾಕಾಕ ಅದನ್ನು ಸಾಹೇಬರಿಗೆ ತನ್ನ ಹಿಂದುಸ್ತಾನಿಯಲ್ಲಿ ತಿಳಿಸಿದ. ಸಾಹೇಬರು ಸ್ವಲ್ಪ ಹೊತ್ತು ಕೋಲನ್ನು ನೋಡಿ ಏನೋ ಹೇಳಿದರು.

“ಮುರದ್ರ ಮುರೀಲಿ, ನಿಮ್ಮ ಮ್ಯಾಲೆ ಹಾಕಂಗಿಲ್ಲ ಅಂತಾರ ನೋಡ್ರಿ ಆಚಾರ್ರ,” ಎಂದ ಮೌಲಾಕಾಕ.

ಮತ್ತೆ ದಿಮ್ಮಿ, ಮತ್ತೆ ಕವೆ, ಈ ಸಲ ತಿರುಗಾಮುರುಗಾ. ಅಪ್ಪ ಕತ್ತಿಗೆ ಎಣ್ಣೆಯಲ್ಲಿ ಕಲಸಿದ ಮಸಿ ಸವರಿ ಒರೆಸಿದ. ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಅಲ್ಲಿ ಕಪ್ಪು ಉಳಿಯುತ್ತದಂತೆ. ಅವ್ವ ಸರಳಿನ ಮೇಲೆ ಎರಡು ಕೈಯಿಟ್ಟಳು. ಈ ಸಲ ಅವಳು ಒಮ್ಮೆಲೇ ಒತ್ತಲಿಲ್ಲ. ಉಸಿರು ಬಿಟ್ಟಷ್ಟು ಒತ್ತುವುದು, ನಿಲ್ಲುವುದು, ಅಪ್ಪ ನೋಡುವುದು, ಮತ್ತೆ ಅಷ್ಟೇ ಒತ್ತುವುದು. ಅಪ್ಪ ಸಾಕು ಎನ್ನುವ ಮೊದಲೇ ಅವಳು ನಿಲ್ಲಿಸಿದ್ದಳು, ಅಪ್ಪ ಬಾಯಿ ತೆರೆದವನು ಮುಚ್ಚಿಕೊಂಡ. ಗೋಡೆಯ ಗೆರೆಗೆ ಹಿಡಿದರೆ ಮುಖ ಸಾಹೇಬರ ಗೆರೆಯ ಮೇಲೆ ಸರಿಯಾಗಿ ಕೂತಿತು. ಅಪ್ಪ ಕತ್ತನ್ನು ಬಿಸಿಲಿಗೆ ಹಿಡಿದು ಸುತ್ತ ತಿರುಗಿಸಿ ನೋಡಿದ. ಕಪ್ಪು ಎಲ್ಲೂ ಉಳಿದಿರಲಿಲ್ಲ. ಅವನು ಕೋಲನ್ನು ಅವ್ವನ ಕೈಗೂ ಕೊಟ್ಟ. ಅವಳೂ ನೋಡಿ, ಮೌಲಾಕಾಕನಿಗೆ ಕೊಟ್ಟು ಒಳಗೆ ಹೋದಳು.

ಚೆಂಡು ಗೋಡೆ ದಾಟಿತೆಂದು ಮೌಲಾಕಾಕ ಬಂದು ಹೇಳಿದ. ಹೊರಗಿನ ಸಾಹೇಬರುಗಳು ಬಂದು ಆಡಿ ಹೋದರು. ಅದಾದ ಕೆಲವೇ ದಿನಕ್ಕೆ ಅಡವಿ ಡಿಪೋದಿಂದ ಒಂದು ಗಾಡಿ ತುಂಬ ಕೊಕ್ಕೆಗಳೂ ಸರಪಳಿಗಳೂ ನಮ್ಮ ಮಾಡಿನ ಮುಂದೆ ಇಳಿದವು. ಮಂಜ ಇದ್ದಾಗ ಬರುತ್ತಿದ್ದ ಕೆಲಸವೇ. ಅಪ್ಪ ಅದನ್ನು ವಾಪಸು ಕಳಿಸಲಿಲ್ಲ. ಅವ್ವ ಸೆರಗು ಸಿಕ್ಕಿಸಿದಳು, ನಾನು ಹಗ್ಗ ಹಿಡಿದೆ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಗಾಡಿಯವರು ಮೊದಮೊದಲು ಮುಖ ಬೇರೆ ಕಡೆ ತಿರುಗಿಸಿ ಕೂರುತ್ತಿದ್ದರು, ಆಮೇಲೆ ಚಕ್ರ ಯಾವಾಗ ಆಗುತ್ತದೆಂದು ಕೇಳತೊಡಗಿದರು. ಯುಗಾದಿ ಬಂತು, ಹೋಯಿತು. ಸಿದ್ದಾಪುರದ ಮಾತನ್ನು ಅಪ್ಪ ಎತ್ತಲಿಲ್ಲ.

ಎತ್ತಿದವಳು ಅಜ್ಜಿ. ಮಧ್ಯಾಹ್ನದ ಊಟ, ಅವ್ವ ಮಾವಿನಕಾಯಿಯ ಅಪ್ಪೆಹುಳಿ ಬಡಿಸುತ್ತಿದ್ದಳು. ಅವಳ ಮುಂಗೈಗೆ ಕಿಡಿ ಹಾರಿ ಸುಟ್ಟ ಚುಕ್ಕೆಗಳಿದ್ದವು. ಅಜ್ಜಿ ಅದನ್ನು ನೋಡುತ್ತ ಬಟ್ಟಲನ್ನು ಸರಿಸಿದಳು. ಒಂದು ದಿನ ಕಷ್ಟಕ್ಕೆ ಹಿಡಿದದ್ದು ಬೇರೆ, ದಿನದಿನವೂ ಅಡಿಗಲ್ಲಿನ ಎದುರು ಹೆಂಗಸು ನಿಲ್ಲುವುದು ಬೇರೆ, ನಾನು ಇದನ್ನು ನೋಡಿಕೊಂಡು ಇಲ್ಲಿ ಉಣ್ಣಲಾರೆ ಎಂದಳು. ಅವಳು ಕೂಗಾಡಲಿಲ್ಲ. ಅಪ್ಪನಿಗೆ, ನೀನು ಬಂದರೆ ಬಾ, ಇಲ್ಲದಿದ್ದರೆ ನಾನೊಬ್ಬಳೇ ನಿನ್ನ ತಮ್ಮನ ಮನೆಗೆ ಹೋಗುತ್ತೇನೆ ಎಂದಳು. ಅಪ್ಪ ಅನ್ನ ಕಲಸುತ್ತಲೇ ಇದ್ದ. ಅವ್ವ ಸೌಟು ಕೆಳಗಿಟ್ಟಳು.

“ಸಿದ್ದಾಪುರಕ್ಕೆ ಹೋದ್ರೆ ಅವ ಎಲ್ಲಿ ಕೂತಿದ್ದ, ಎಲ್ಲಿ ನಿಂತಿದ್ದ ಅಂತ ನೋಡುಕೂ ಜಾಗ ಇಲ್ಲೆ, ಅತ್ತೆ. ನಾ ಬರೂದಿಲ್ಲೆ.”

“ಈ ಹುಡುಗಿ?” ಎಂದಳು ಅಜ್ಜಿ. “ಇವಳಿಗೂ ಜ್ವರ ಬರ್ಲಿ ಅಂತ ಕಾಯ್ತೆಯಾ?”

ಎಂಜಲು ಕೈ ಒಣಗುವವರೆಗೂ ಎಲ್ಲರೂ ಹಾಗೇ ಕೂತಿದ್ದೆವು. ನಾನು ಅಜ್ಜಿಯ ಜೊತೆ ಹೋಗುವುದೆಂದು ಆ ಊಟದಲ್ಲೇ ತೀರ್ಮಾನವಾಯಿತು. ಅಲ್ಲಿ ಜ್ವರ ಕಡಿಮೆ, ಚಿಕ್ಕಪ್ಪನ ಮನೆಗೆ ಶಾಲೆ ಹತ್ತಿರ, ಚಿಕ್ಕಮ್ಮ ಒಳ್ಳೆಯವಳು. ತಿದಿಗೆ ಕೂಲಿಗೆ ಯಾರನ್ನಾದರೂ ಇಟ್ಟುಕೊಂಡರಾಯಿತು ಎಂದ ಅಪ್ಪ. ನಿನಗೆ ಹೋಗಲು ಇಷ್ಟವೇ ಎಂದು ಅವ್ವ ಹಿತ್ತಲಲ್ಲಿ ಕೇಳಿದಳು. ನಾನು ನನ್ನೊಳಗೆ ಹುಡುಕಿದೆ. ಹೋಗಬೇಕು ಎನ್ನುವುದೂ ಇರಲಿಲ್ಲ, ಇರಬೇಕು ಎನ್ನುವುದೂ ಇರಲಿಲ್ಲ. ಹೋಗ್ತೆ ಎಂದೆ. ಅವಳು ನನ್ನ ಎರಡು ಲಂಗಗಳನ್ನು ಒಗೆದು ಒಣಹಾಕಿದಳು.

ಹೊರಡುವ ದಿನ ಬೆಳಿಗ್ಗೆಯೇ ಮೋಟಾರು ಸ್ಟ್ಯಾಂಡಿಗೆ ಅಪ್ಪ ನಮ್ಮ ಗಂಟುಗಳನ್ನು ತಂದು ಶಿರಸಿಯ ಮೋಟಾರಿನ ಮೇಲೆ ಹಾಕಿಸಿದ. ಸ್ಟ್ಯಾಂಡೆಂದರೆ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಇದ್ದ ಆಲದ ಮರ. ಶಿರಸಿಗೆ ಹೋಗಿ ಅಲ್ಲಿಂದ ಸಿದ್ದಾಪುರದ ಮೋಟಾರು ಹಿಡಿಯಬೇಕು, ಶಿರಸಿಯಲ್ಲಿ ಚಿಕ್ಕಪ್ಪ ಕಾಯುತ್ತಿದ್ದ. ತಿದಿಗೆ ಇನ್ನೂ ಯಾರೂ ಸಿಕ್ಕಿರಲಿಲ್ಲ. ಡಿಪೋದವರು ಸಂಜೆ ಕೊಕ್ಕೆಗಳಿಗೆ ಬರುವವರಿದ್ದುದರಿಂದ ಅಪ್ಪ ಅಜ್ಜಿಯ ಕಾಲು ಮುಟ್ಟಿ, ನನ್ನ ತಲೆಯ ಮೇಲೆ ಕೈಯಿಟ್ಟು, ವಾಪಸು ಹೋದ. ಅವ್ವ ಮನೆಯಲ್ಲೇ ಕಾಲಿಗೆ ಬಿದ್ದಿದ್ದಳು. ಅಜ್ಜಿ ಅವಳನ್ನು ಹರಸಿದ್ದಳು, ಮುಖ ನೋಡಿರಲಿಲ್ಲ. ನಾವಿಬ್ಬರೂ ಹತ್ತಿ ಹಿಂದಿನ ಬೆಂಚಿನಲ್ಲಿ ಕೂತೆವು. ಡ್ರೈವರು ಇನ್ನೂ ಚಹಾ ಕುಡಿಯುತ್ತಿದ್ದ.

ಕುಲುಮೆಯಿಂದ ಸಪ್ಪಳ ಶುರುವಾಯಿತು. ಅಪ್ಪನ ಚಿಕ್ಕ ಸುತ್ತಿಗೆ, ಅದರ ಹಿಂದೆ ಅವ್ವನ ಸಮ್ಮಟಿಗೆ. ಸ್ವಲ್ಪ ಹೊತ್ತು ಬಡಿದು ನಿಲ್ಲುತ್ತಿತ್ತು, ಬಹಳ ಹೊತ್ತು ನಿಲ್ಲುತ್ತಿತ್ತು, ಮತ್ತೆ ಬಡಿಯುತ್ತಿತ್ತು. ಅಜ್ಜಿ ಮಡಿಲಲ್ಲಿ ಎಲೆಯಡಿಕೆ ಬಿಚ್ಚಿಕೊಂಡವಳು ಕೈ ನಿಲ್ಲಿಸಿದಳು. ತಲೆಯನ್ನು ಒಂದು ಕಡೆ ವಾಲಿಸಿ ಕೇಳಿದಳು. ಮುಂದಿನ ಬೆಂಚಿನಲ್ಲಿ ಕೂತ ಹೆಂಗಸು ಎಲ್ಲಿಗೆ ಹೊರಟಿರಿ ಎಂದು ಮಾತಾಡಿಸಿದಾಗ ಅಜ್ಜಿ ಅವಳಿಗೆ ಕೈ ಅಡ್ಡ ಹಿಡಿದು ಸುಮ್ಮನಿರಲು ಹೇಳಿದಳು. ಸಪ್ಪಳ ಮತ್ತೆ ಬಂತು. ಅವಳ ಮುಖ ಸಿಡುಕಾಯಿತು, ಅಡುಗೆ ಹೊತ್ತಿದ ವಾಸನೆ ಬಂದಾಗ ಆಗುವ ಹಾಗೆ.

“ಕಬ್ಬಿಣ ಕಾಯ್ಲಿಲ್ಲೆ,” ಎಂದಳು. “ಅರೆಗೆಂಪು ಇರುವಾಗ್ಲೇ ಹೊಡೀತಾ ಇದ್ದಾರೆ. ತಿದಿ ಎಳೆದು ಓಡಿಬಂದು ಇಕ್ಕಳ ಹಿಡಿದ್ರೆ ಎಲ್ಲಿ ಕಾಯ್ತದೆ. ಅವಳ ರಟ್ಟೆ ಹೋಗ್ತದೆ ಹೀಂಗೆ ಹೊಡೆದ್ರೆ.”

ಡ್ರೈವರು ಬಂದು ಹತ್ತಿದ, ಇನ್ನೊಬ್ಬ ಮುಂದೆ ನಿಂತು ಹ್ಯಾಂಡಲು ತಿರುಗಿಸಿದ, ಮೋಟಾರು ಅಲುಗಾಡಲು ಶುರುವಾಯಿತು. ಅಜ್ಜಿ ನನ್ನ ತೋಳು ಹಿಡಿದಳು. ದೂಡುತ್ತಿದ್ದಾಳೋ ಎಳೆಯುತ್ತಿದ್ದಾಳೋ ಮೊದಲು ತಿಳಿಯಲಿಲ್ಲ.

“ಇಳಿ ನೀನು,” ಎಂದಳು. “ಹೋಗು. ಜ್ವರ ಬಂದ್ರೆ ಮದ್ದು ತಪ್ಪಿಸಬ್ಯಾಡ.”

ನಾನು ಇಳಿದೆ. ಇಳಿದು ನಿಂತು ನೋಡಿದಾಗ ಅವಳು ಆಚೆ ಕಡೆಗೆ ಮುಖ ಮಾಡಿ ಕೂತಿದ್ದಳು. ಮೋಟಾರು ಧೂಳೆಬ್ಬಿಸಿಕೊಂಡು ಹೋಯಿತು. ನನ್ನ ಗಂಟು ಮೇಲೆಯೇ ಇತ್ತೆಂದು ಆಮೇಲೆ ನೆನಪಾಯಿತು. ನಾಲ್ಕು ಮನೆ ನಡೆದು ನಮ್ಮ ಮಾಡಿನಡಿಗೆ ಬಂದೆ. ಅಪ್ಪ ಒಂದು ಕೈಯಲ್ಲಿ ತಿದಿಯ ಹಗ್ಗ ಎಳೆಯುತ್ತ ಇನ್ನೊಂದು ಕೈಯಲ್ಲಿ ಕೊಕ್ಕೆಯನ್ನು ಬೆಂಕಿಯಲ್ಲಿ ತಿರುಗಿಸುತ್ತಿದ್ದ. ಅವ್ವ ಸಮ್ಮಟಿಗೆಯನ್ನು ನೆಲಕ್ಕೂರಿ ಅದರ ಹಿಡಿಯ ಮೇಲೆ ಗದ್ದವಿಟ್ಟು ನಿಂತಿದ್ದಳು. ಇಬ್ಬರೂ ನನ್ನನ್ನು ನೋಡಿದರು.

“ಗಂಟು ಎಲ್ಲಿ?” ಎಂದಳು ಅವ್ವ.

ಮೋಟಾರಿನ ಮೇಲೆ ಹೋಯಿತು ಎಂದೆ. ಅವಳು ನನ್ನ ಹಿಂದೆ ಖಾಲಿ ರಸ್ತೆಯನ್ನು ಒಮ್ಮೆ ನೋಡಿದಳು. ಅಪ್ಪ ಹಗ್ಗವನ್ನು ನನ್ನ ಕಡೆ ಚಾಚಿದ. ಅದು ಅವನ ಬೆವರಿಗೆ ಒದ್ದೆಯಾಗಿತ್ತು. ನಾನು ಹಿಡಿದು ಎಳೆದೆ. ಬೆಂಕಿ ಎದ್ದಿತು, ಕೊಕ್ಕೆ ಕೆಂಪಾಯಿತು, ಇನ್ನೂ ಎಳಿ ಎಂದ ಅಪ್ಪ. ಇನ್ನೂ ಎಳೆದೆ.